ವೈಡ್ ಫಾರ್ಮ್ಯಾಟ್ ಪ್ರಿಂಟರ್‌ನ ಕ್ಯಾರೇಜ್ ನಿಂತುಹೋದರೆ: ಯಾಂತ್ರಿಕ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಇಂಕ್ ಸಿಂಪಡಿಸುವ ಹೆಡ್ಡನ್ನು ಹೊತ್ತು ಅತ್ತಿತ್ತ ಓಡುವ ಕ್ಯಾರೇಜ್ ಅರ್ಧ ದಾರಿಯಲ್ಲಿ ನಿಂತಿದೆ. ಪರದೆಯ ಮೇಲೆ ಒಂದು ಸಂಖ್ಯೆಯೋ ‘ಮೋಟರ್ ಎರರ್’ ಎಂಬ ಮಾತೋ ಮಿನುಗುತ್ತಿದೆ. ಅರ್ಧ ಮುದ್ರಣವಾದ ಬ್ಯಾನರ್ ಹಾಗೆಯೇ ಒಣಗುತ್ತಿದೆ. ಇಂಥ ಹೊತ್ತಿನಲ್ಲಿ ಬಹಳ ಮಂದಿ ಮಾಡುವುದು ಎರಡೇ ಕೆಲಸ: ಸ್ವಿಚ್ ಆರಿಸಿ ಮತ್ತೆ ಹಾಕುತ್ತಾರೆ, ಅದರಿಂದಾಗದಿದ್ದರೆ ಸಂದೇಶದಲ್ಲಿ ಹೆಸರು ಬಂದ ಬಿಡಿಭಾಗಕ್ಕೆ ಆರ್ಡರ್ ಕೊಡುತ್ತಾರೆ. ಎರಡನ್ನೂ ಸ್ವಲ್ಪ ತಡೆಹಿಡಿಯಿರಿ. ಯಂತ್ರ ಎಲ್ಲಿ ಕೈಚೆಲ್ಲಿತು ಎಂಬುದನ್ನಷ್ಟೇ ಆ ಸಂದೇಶ ಹೇಳುತ್ತದೆ. ಯಾಕೆ ಕೈಚೆಲ್ಲಿತು ಎಂಬುದನ್ನು ನಾವೇ ಹುಡುಕಬೇಕು. ಎಚ್‌ಪಿ ಡಿಸೈನ್‌ಜೆಟ್‌ನ ಹಲವು ಮಾದರಿಗಳಲ್ಲಿ 86:01 ಬಂದರೆ ಕ್ಯಾರೇಜ್ ಓಡಾಟದಲ್ಲಿ ತೊಂದರೆ, 81:01 ಬಂದರೆ ಕಾಗದ ಸಾಗುವುದರಲ್ಲಿ ತೊಂದರೆ ಎಂದು ಅರ್ಥ. ಅಷ್ಟರಿಂದ ಬೆಲ್ಟೋ ಮೋಟರೋ ಬೇರಿಂಗೋ ಎಂಬುದು ತಿಳಿಯುವುದಿಲ್ಲ. ಮೋಟರ್ ಎಂದು ಬರೆದಿದ್ದರೂ ಮೋಟರ್ ಚೆನ್ನಾಗಿದ್ದು, ರೈಲಿನ ಮೇಲೆ ಗಟ್ಟಿಯಾದ ಇಂಕಿನ ಒಂದು ಪದರ ಎಲ್ಲಕ್ಕೂ ಕಾರಣವಾಗಿರುವುದು ತೀರ ಸಾಮಾನ್ಯ.

ಈ ಬರಹದಲ್ಲಿ ಹೇಳಿರುವ ಕ್ರಮ ಯಾವ ಕಂಪನಿಯ ಪ್ರಿಂಟರ್‌ಗೂ ಒಗ್ಗುತ್ತದೆ, ಏಕೆಂದರೆ ಇಂಕ್‌ಜೆಟ್ ವೈಡ್ ಫಾರ್ಮ್ಯಾಟ್ ಯಂತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಓಡುತ್ತವೆ. ಸ್ಕ್ರೂ ಎಲ್ಲಿದೆ, ಕವರ್ ಹೇಗೆ ಬಿಚ್ಚುವುದು ಎಂಬುದಕ್ಕೆ ಮಾತ್ರ ನಿಮ್ಮ ಮಾದರಿಯ ಸರ್ವಿಸ್ ಮ್ಯಾನುಯಲ್ ಪಕ್ಕದಲ್ಲಿರಲಿ.

ಕ್ಯಾರೇಜ್ ಓಡುವ ಬಗೆ

ಒಂದು ತುದಿಯಲ್ಲಿ ಮೋಟರ್, ಇನ್ನೊಂದು ತುದಿಯಲ್ಲಿ ಬಿಗಿತ ಹೊಂದಿಸುವ ಪುಲ್ಲಿ, ನಡುವೆ ಹಲ್ಲಿನ ಬೆಲ್ಟ್. ಬೆಲ್ಟಿಗೆ ಕಚ್ಚಿಸಿದ ಕ್ಯಾರೇಜ್ ರೈಲಿನ ಮೇಲೆ ಜಾರುತ್ತದೆ ಅಥವಾ ಚಕ್ರಗಳ ಮೇಲೆ ಉರುಳುತ್ತದೆ. ತಾನು ಎಲ್ಲಿದ್ದೇನೆ ಎಂಬುದು ಅದಕ್ಕೆ ತಿಳಿಯುವುದು ಯಂತ್ರದ ಉದ್ದಕ್ಕೂ ಎಳೆದು ಕಟ್ಟಿದ ಪಾರದರ್ಶಕ ಎನ್‌ಕೋಡರ್ ಸ್ಟ್ರಿಪ್‌ನಿಂದ. ಸ್ಟ್ರಿಪ್‌ನ ಮೇಲಿನ ಗೆರೆಗಳು ಎಷ್ಟು ಒತ್ತಾಗಿವೆ ಎಂದರೆ ಬರಿಗಣ್ಣಿಗೆ ಅದು ಬೂದು ಬಣ್ಣದ ಪಟ್ಟಿಯಂತೆ ಕಾಣುತ್ತದೆ. ಇಂಚಿಗೆ 150 ಅಥವಾ 180 ಗೆರೆಗಳ ಸ್ಟ್ರಿಪ್‌ಗಳು ವ್ಯಾಪಕವಾಗಿ ಬಳಕೆಯಲ್ಲಿವೆ. ಕ್ಯಾರೇಜ್‌ನ ಹಿಂಬದಿಯ ಸೆನ್ಸರ್ ಸ್ಟ್ರಿಪ್‌ನ ಒಂದು ಬದಿಯಿಂದ ಬೆಳಕು ಹಾಯಿಸಿ ಇನ್ನೊಂದು ಬದಿಯಲ್ಲಿ ಗೆರೆ ದಾಟಿದ್ದನ್ನು ಎಣಿಸುತ್ತದೆ. ಸೆನ್ಸರ್‌ನಿಂದ ಹೊರಡುವ ಎರಡು ಸಿಗ್ನಲ್‌ಗಳ ನಡುವೆ ಕಾಲು ಗೆರೆಯಷ್ಟು ಅಂತರ ಇರುವುದರಿಂದ ಒಂದೊಂದು ಗೆರೆಗೆ ನಾಲ್ಕು ಎಣಿಕೆ ಸಿಗುತ್ತದೆ, 180 ಗೆರೆಯ ಸ್ಟ್ರಿಪ್‌ನಲ್ಲಿ ಇಂಚಿಗೆ 720. ಎರಡರಲ್ಲಿ ಯಾವುದು ಮುಂದಿದೆ ಎಂಬುದರಿಂದ ಕ್ಯಾರೇಜ್ ಯಾವ ದಿಕ್ಕಿಗೆ ಹೋಗುತ್ತಿದೆ ಎಂಬುದೂ ತಿಳಿಯುತ್ತದೆ.

ಬೋರ್ಡ್ ಮೋಟರ್‌ಗೆ ಕರೆಂಟ್ ಕೊಡುತ್ತದೆ, ಅದಕ್ಕೆ ತಕ್ಕ ಎಣಿಕೆ ಸೆನ್ಸರ್‌ನಿಂದ ಬಂತೇ ಎಂದು ನೋಡುತ್ತಲೇ ಇರುತ್ತದೆ. ಎಣಿಕೆ ಕಡಿಮೆ ಬಂದರೆ ಕರೆಂಟ್ ಏರಿಸುತ್ತದೆ. ಏರಿಸಿದರೂ ಲೆಕ್ಕ ಕೂಡದಿದ್ದರೆ ಮೋಟರ್ ಸುಡದಿರಲಿ ಎಂದು ಎಲ್ಲವನ್ನೂ ನಿಲ್ಲಿಸಿ ಎರರ್ ತೋರಿಸುತ್ತದೆ. ಹಾಗಾಗಿ ಕ್ಯಾರೇಜ್ ನಿಜವಾಗಿ ಸಿಕ್ಕಿಕೊಂಡರೂ, ಮೋಟರ್‌ಗೆ ಬಲ ಸಾಲದೆ ಹೋದರೂ, ಸೆನ್ಸರ್‌ಗೆ ಗೆರೆ ಕಾಣದೆ ಹೋದರೂ ಬೋರ್ಡಿನ ಪಾಲಿಗೆ ಮೂರೂ ಒಂದೇ. ನಮ್ಮ ಕೆಲಸ ಈ ಮೂರನ್ನು ಬೇರೆಬೇರೆಯಾಗಿ ನೋಡುವುದು: ಎಲ್ಲೋ ಎಳೆತ ಹೆಚ್ಚಾಗಿದೆಯೇ, ಬಲ ತಲುಪುತ್ತಿಲ್ಲವೇ, ಎಣಿಕೆ ತಪ್ಪುತ್ತಿದೆಯೇ?

ಬಿಚ್ಚುವ ಮೊದಲೇ ಸಿಗುವ ಸುಳಿವುಗಳು

ಒಂದೇ ಒಂದು ಸಲ ಯಂತ್ರವನ್ನು ಚಾಲೂ ಮಾಡಿ, ಕೈ ಸ್ವಿಚ್ಚಿನ ಮೇಲಿರಲಿ, ಕಣ್ಣು ಕಿವಿ ಎರಡೂ ಕ್ಯಾರೇಜ್ ಮೇಲಿರಲಿ. ಸಾಮಾನ್ಯವಾಗಿ ಅದು ಹೋಮ್‌ನಿಂದ, ಅಂದರೆ ಕೆಲಸವಿಲ್ಲದಾಗ ನಿಲ್ಲುವ ತುದಿಯ ಜಾಗದಿಂದ, ನಿಧಾನವಾಗಿ ಹೊರಟು, ಸ್ವಲ್ಪ ದೂರ ಹೋಗಿ, ಅಗಲ ಅಳೆದು ವಾಪಸ್ ಬರುತ್ತದೆ.

ಕ್ಯಾರೇಜ್ ಏಕಾಏಕಿ ಪೂರ್ತಿ ವೇಗದಲ್ಲಿ ನುಗ್ಗಿ ಪಕ್ಕದ ಗೋಡೆಗೆ ಡಿಕ್ಕಿ ಹೊಡೆದರೆ ಅದಕ್ಕೆ ಎಣಿಕೆ ಸಿಗುತ್ತಿಲ್ಲ ಎಂದು ಬಹುಮಟ್ಟಿಗೆ ತಿಳಿಯಬಹುದು. ಬೋರ್ಡ್‌ಗೆ ಕ್ಯಾರೇಜ್ ಕದಲಿದಂತೆಯೇ ತೋರದೆ, ಅದು ಕರೆಂಟ್ ಏರಿಸುತ್ತಲೇ ಹೋಗಿರುತ್ತದೆ. ಇದನ್ನು ಕಂಡ ಮೇಲೆ ಮತ್ತೆಮತ್ತೆ ಚಾಲೂ ಮಾಡಬೇಡಿ. ಒಂದೊಂದು ಡಿಕ್ಕಿಗೂ ಹೆಡ್‌ನ ಜೋಡಣೆ ಅಲುಗುತ್ತದೆ, ಬೆಲ್ಟ್ ಕ್ಲಿಪ್ ಸಡಿಲವಾಗುತ್ತದೆ. ಬದಲಿಗೆ ಅದು ಗುರುಗುಟ್ಟುತ್ತ, ತೆವಳುತ್ತ ಹೋಗಿ ನಿಂತರೆ ಎಣಿಕೆ ಸರಿಯಿದೆ, ಎಳೆತ ಹೆಚ್ಚಿದೆ ಅಥವಾ ಮೋಟರ್ ಸೊರಗಿದೆ. ಸ್ವಲ್ಪವೂ ಕದಲದೆ ‘ಟಕ್’ ಎಂದಷ್ಟೇ ಸದ್ದು ಬಂದರೆ ಹೋಮ್‌ನ ಲಾಕ್ ಬಿಟ್ಟಿಲ್ಲ. ಮೋಟರ್ ತಿರುಗುವ ಸದ್ದು ಕೇಳಿಸಿ ಕ್ಯಾರೇಜ್ ಮಾತ್ರ ನಿಂತಲ್ಲೇ ನಿಂತಿದ್ದರೆ ಬೆಲ್ಟ್ ಹರಿದಿದೆ, ಇಲ್ಲವೇ ಮೋಟರ್ ಪುಲ್ಲಿಯ ಸ್ಕ್ರೂ ಸಡಿಲವಾಗಿ ಅದು ಶಾಫ್ಟ್ ಮೇಲೆ ಸುಮ್ಮನೆ ತಿರುಗುತ್ತಿದೆ.

ಇನ್ನೊಂದು ಸುಳಿವು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು: ನಿಲ್ಲುವ ಜಾಗ. ಪ್ರಿಂಟ್ ಮಾಡುವಾಗ ನಿಂತ ಜಾಗಕ್ಕೆ ಮುಂಭಾಗದ ಕವರ್ ಮೇಲೆ ಮಾಸ್ಕಿಂಗ್ ಟೇಪಿನ ತುಂಡು ಅಂಟಿಸಿ. ಮುಂದಿನ ಸಲವೂ ಅಲ್ಲೇ ನಿಂತರೆ ದೋಷ ಕದಲದ ಭಾಗದಲ್ಲಿದೆ, ಅಂದರೆ ರೈಲು, ಸ್ಟ್ರಿಪ್, ಅಥವಾ ಆ ಜಾಗದಲ್ಲಿ ಮಡಚುವ ಕೇಬಲ್. ಒಂದೊಂದು ಸಲ ಒಂದೊಂದು ಕಡೆ ನಿಂತರೆ ದೋಷ ಕ್ಯಾರೇಜ್ ಜೊತೆ ಓಡುತ್ತಿದೆ ಅಥವಾ ತಿರುಗುತ್ತಿದೆ: ಸೆನ್ಸರ್, ಬೇರಿಂಗ್, ಮೋಟರ್. ಅರ್ಧ ಗಂಟೆ ಚೆನ್ನಾಗಿ ಓಡಿ ಬಿಸಿಯಾದ ಮೇಲೆ ಮಾತ್ರ ನಿಲ್ಲುವುದಾದರೆ ಮೋಟರ್ ಕಡೆಗೂ ಅದನ್ನು ದಣಿಸುತ್ತಿರುವ ಎಳೆತದ ಕಡೆಗೂ ಮೊದಲು ನೋಡಿ.

ಕೈ ಹಾಕುವ ಮುನ್ನ

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಕೆಲವು ನಿಮಿಷ ಬಿಡಿ. ಪವರ್ ಸಪ್ಲೈನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಹೆಡ್‌ಗೆ ಹೋಗುವ ಚಪ್ಪಟೆ ಕೇಬಲ್‌ಗಳನ್ನು ಕರೆಂಟ್ ಇರುವಾಗ ಮುಟ್ಟಲೇಬೇಡಿ. ಆ ಕನೆಕ್ಟರ್‌ಗೆ ಒಂದು ಹನಿ ಇಂಕ್ ಬಿದ್ದರೂ, ಕೇಬಲ್ ಸ್ವಲ್ಪ ಓರೆಯಾಗಿ ಕೂತರೂ ಹೆಡ್ ಮತ್ತು ಬೋರ್ಡ್ ಎರಡೂ ಒಟ್ಟಿಗೆ ಹೋಗಬಹುದು. ಇಡೀ ಯಂತ್ರದಲ್ಲಿ ಅತಿ ದುಬಾರಿಯಾದ ಭಾಗಗಳೇ ಅವು. ಕ್ಯಾರೇಜ್‌ನಲ್ಲಿ ಕಾಗದ ಕತ್ತರಿಸುವ ಬ್ಲೇಡ್ ಇದ್ದರೆ ಮೊದಲು ತೆಗೆದಿಡಿ.

ಹೆಡ್ ಒಣಗುವ ಚಿಂತೆಯೂ ಇರಬೇಕು. ಕ್ಯಾರೇಜ್ ಹೋಮ್‌ನಿಂದ ಹೊರಗಿದ್ದಷ್ಟು ಹೊತ್ತು ಹೆಡ್‌ನ ಬಾಯಿ ಗಾಳಿಗೆ ತೆರೆದಿರುತ್ತದೆ, ಇಕೋ ಸಾಲ್ವೆಂಟ್ ಇಂಕಿನಲ್ಲಿ ಇದು ಬೇಗ ತೊಂದರೆ ಕೊಡುತ್ತದೆ. ಹೋಮ್‌ನಲ್ಲಿ ಹೆಡ್‌ನ ಬಾಯಿ ಮುಚ್ಚುವ ಕ್ಯಾಪಿನ ಸ್ಪಂಜಿಗೆ ಆ ಇಂಕಿನ ಕ್ಲೀನಿಂಗ್ ಲಿಕ್ವಿಡ್ ಹಾಕಿ ತೇವ ಮಾಡಿಟ್ಟುಕೊಳ್ಳಿ, ಪರೀಕ್ಷೆಯ ನಡುನಡುವೆ ಕ್ಯಾರೇಜನ್ನು ತಂದು ಅದರ ಮೇಲೆ ಕೂರಿಸಿ. ದೋಷ ಸಿಕ್ಕಿ ಬಿಡಿಭಾಗಕ್ಕಾಗಿ ದಿನಗಟ್ಟಲೆ ಕಾಯಬೇಕಾಗಿ ಬಂದರೆ ಹೆಡ್ ಕ್ಯಾಪಿನ ಮೇಲೆಯೇ ಇರಬೇಕು. ಬೆಲ್ಟ್ ರಿಪೇರಿ ಮಾಡಲು ಹೋಗಿ ಹೆಡ್ ಕಳೆದುಕೊಳ್ಳುವುದು ನೋವಿನ ಸಂಗತಿ, ಮತ್ತು ಅದನ್ನು ತಪ್ಪಿಸುವುದು ಕಷ್ಟವಲ್ಲ.

ಸಾಮಾನು ಹೆಚ್ಚೇನೂ ಬೇಡ: ಅಲೆನ್ ಕೀಗಳು, ಉದ್ದನೆಯ ಸ್ಕ್ರೂಡ್ರೈವರ್, ಟಾರ್ಚ್, ಭೂತಗನ್ನಡಿ, ನೂಲು ಬಿಡದ ಬಟ್ಟೆ, ಮಲ್ಟಿಮೀಟರ್, ಸ್ಪ್ರಿಂಗ್ ತಕ್ಕಡಿ. ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಹೋಮ್ ಬಿಟ್ಟು ಕದಲದಿದ್ದರೆ

ವಿರಾಮದಲ್ಲಿರುವಾಗ ಕ್ಯಾರೇಜ್ ಅಲುಗದಿರಲೆಂದು ಹಲವು ಯಂತ್ರಗಳಲ್ಲಿ ಒಂದು ಪಿನ್ ಅಥವಾ ಕೊಕ್ಕೆ ಅದನ್ನು ಹಿಡಿದಿರುತ್ತದೆ. ಕ್ಯಾಪಿಂಗ್ ಸ್ಟೇಷನ್ ಕೆಳಗಿಳಿದಾಗ ಅದು ಬಿಡುತ್ತದೆ. ಆ ಭಾಗದಲ್ಲಿ ಒಣಗಿದ ಇಂಕ್ ತುಂಬಿದ್ದರೆ ಕ್ಯಾಪ್ ಅರ್ಧಕ್ಕೆ ಇಳಿದು ಸಿಕ್ಕಿಕೊಳ್ಳುತ್ತದೆ, ಪಿನ್ ಬಿಡುವುದಿಲ್ಲ. ಬಹಳ ದಿನ ನಿಂತ ಯಂತ್ರದಲ್ಲಿ ಕ್ಯಾಪಿನ ರಬ್ಬರ್ ಅಂಚು ಹೆಡ್‌ಗೇ ಅಂಟಿಕೊಂಡಿರುವುದೂ ಉಂಟು.

ಬಲ ಹಾಕಿ ಎಳೆಯಬೇಡಿ. ಕ್ಯಾಪನ್ನು ಕೈಯಿಂದ ಇಳಿಸಲು ಹೆಚ್ಚಿನ ಯಂತ್ರಗಳಲ್ಲಿ ಪಂಪ್ ಮೋಟರ್ ಬಳಿ ಒಂದು ಗೇರ್ ಅಥವಾ ಸ್ಕ್ರೂಡ್ರೈವರ್ ಹಾಕಿ ತಿರುಗಿಸುವ ತುದಿ ಇರುತ್ತದೆ. ಅದು ಯಾವುದೆಂದು ಮ್ಯಾನುಯಲ್‌ನಲ್ಲಿ ನೋಡಿ, ನಿಧಾನವಾಗಿ ತಿರುಗಿಸಿ. ಅಂಟಿಕೊಂಡಿದ್ದರೆ ಅಂಚಿನ ಸುತ್ತ ಕೆಲವು ಹನಿ ಕ್ಲೀನಿಂಗ್ ಲಿಕ್ವಿಡ್ ಬಿಟ್ಟು ಕಾಯಿರಿ. ಹೆಡ್ ಒರೆಸುವ ವೈಪರ್ ಬ್ಲೇಡ್ ಮೇಲೆದ್ದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆಯೇ ಎಂದೂ ನೋಡಿ, ಅದು ಕ್ಯಾರೇಜ್‌ಗೆ ಅಡ್ಡ ಬರುತ್ತದೆ.

ಕೈಯಿಂದ ತಳ್ಳಿ ನೋಡುವುದು

ಇಡೀ ಪತ್ತೆಕಾರ್ಯದ ಅಡಿಪಾಯ ಇದು. ಪ್ಲಗ್ ಕಿತ್ತ ಯಂತ್ರದಲ್ಲಿ, ಲಾಕ್ ಬಿಟ್ಟ ಕ್ಯಾರೇಜನ್ನು ಬೆಲ್ಟಿನ ಮಟ್ಟದಲ್ಲಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಳ್ಳಿ. ನಿಧಾನ ಎಂಬುದಕ್ಕೆ ಕಾರಣವಿದೆ: ವೇಗವಾಗಿ ತಳ್ಳಿದರೆ ಮೋಟರ್ ಜನರೇಟರ್‌ನಂತೆ ವರ್ತಿಸಿ ಬೋರ್ಡ್‌ಗೆ ವೋಲ್ಟೇಜ್ ಕಳಿಸುತ್ತದೆ. ಮೋಟರ್ ಕನೆಕ್ಟರ್ ಸುಲಭವಾಗಿ ಕೈಗೆ ಸಿಗುವಂತಿದ್ದರೆ ಅದನ್ನು ಕಿತ್ತೇ ಈ ಪರೀಕ್ಷೆ ಮಾಡುವುದು ಒಳ್ಳೆಯದು.

ಎಷ್ಟು ಬಿಗಿ ಎನ್ನುವುದಕ್ಕಿಂತ ಎಲ್ಲ ಕಡೆ ಒಂದೇ ಸಮನಾಗಿದೆಯೇ ಎಂಬುದು ಇಲ್ಲಿ ಮುಖ್ಯ. ಕೈಗೆ ಅನುಮಾನ ಬಂದರೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಕ್ಯಾರೇಜ್‌ನ ಗಟ್ಟಿಯಾದ ಭಾಗಕ್ಕೆ ಸಿಕ್ಕಿಸಿ, ಒಂದೇ ವೇಗದಲ್ಲಿ ಎಳೆಯುತ್ತ ಮುಳ್ಳನ್ನು ನೋಡಿ, ಐದಾರು ಕಡೆಯ ಅಳತೆ ಬರೆದುಕೊಳ್ಳಿ. ಹೊರಡುವಾಗ ಸ್ವಲ್ಪ ಹೆಚ್ಚಿದ್ದು ಆಮೇಲೆ ಸ್ಥಿರವಾಗಿ ನಿಂತರೆ ಆರೋಗ್ಯ. ಒಂದು ಜಾಗದಲ್ಲಿ ಮುಳ್ಳು ಹಾರಿದರೆ ಅಲ್ಲಿ ರೈಲನ್ನು ಬೆರಳ ತುದಿಯಿಂದ ಸವರಿ ನೋಡಿ: ಗಟ್ಟಿಯಾದ ಇಂಕಿನ ಹುರುಕು, ಸವೆತದ ಗೀರು, ಅಥವಾ ರೈಲಿನ ಅಂಚಿಗೆ ಬಂದು ಕೂತ ಪುಟ್ಟ ಸ್ಕ್ರೂ, ಏನಾದರೊಂದು ಇದ್ದೇ ಇರುತ್ತದೆ. ಅಳತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ರಮೇಣ ಏರುತ್ತ ಹೋದರೆ ಇಂಕ್ ಟ್ಯೂಬ್‌ಗಳ ಎಳೆತವನ್ನೋ, ಸಮತಟ್ಟಿಲ್ಲದ ಸ್ಟ್ಯಾಂಡ್‌ನಿಂದ ಬಾಗಿರುವ ರೈಲನ್ನೋ ಸಂಶಯಿಸಿ. ಒಂದೇ ಅಂತರದಲ್ಲಿ ಮತ್ತೆಮತ್ತೆ ಬಿಗಿಯಾಗುತ್ತಿದ್ದರೆ ಯಾವುದೋ ಚಕ್ರ ಅಥವಾ ಬೇರಿಂಗ್ ಹೋಗಿದೆ. ಇಂಕ್‌ಜೆಟ್ ಯಂತ್ರದಲ್ಲಿ ಮುದ್ರಣದ ಹೊತ್ತಿಗೆ ಇಂಕಿನ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ಹಾರಿ, ಕಾಗದದ ಧೂಳಿನೊಂದಿಗೆ ಸೇರಿ, ರೈಲಿನ ಮೇಲೆ ಹಳೆಯ ಗ್ರೀಸಿನಲ್ಲಿ ಕೂತು ಗೋಂದಿನಂತಾಗುತ್ತವೆ. ನಾನು ನೋಡಿದ ಕ್ಯಾರೇಜ್ ಎರರ್‌ಗಳಲ್ಲಿ ಬಹುಪಾಲಿಗೆ ಮದ್ದು ಒಳ್ಳೆಯ ಸ್ವಚ್ಛತೆಯೇ.

ಹಳೆಯ ಗ್ರೀಸನ್ನು ಪೂರ್ತಿ ಒರೆಸಿ ತೆಗೆದ ಮೇಲೆಯೇ ಹೊಸದು ಹಾಕಬೇಕು. ಏನು ಹಾಕುವುದೆಂಬುದು ರೈಲಿನ ಜಾತಿಯನ್ನು ಅವಲಂಬಿಸಿದೆ. ಒಳಗೆ ಉಕ್ಕಿನ ಗುಂಡುಗಳಿರುವ ಲೀನಿಯರ್ ಗೈಡ್‌ಗೆ ಲಿಥಿಯಂ ಗ್ರೀಸ್. ದುಂಡನೆಯ ಹೊಳೆಯುವ ಶಾಫ್ಟ್ ಮೇಲೆ ಬುಶ್ ಜಾರುವ ಮಾದರಿಯಲ್ಲಿ ಫೆಲ್ಟ್ ತುಂಡಿಗೆ ಹಾಕುವ ತೆಳು ಎಣ್ಣೆ. ಅಲ್ಯೂಮಿನಿಯಂ ರೈಲಿನ ಮೇಲೆ ಪ್ಲಾಸ್ಟಿಕ್ ಚಕ್ರ ಉರುಳುವ ಮಾದರಿಯಲ್ಲಿ ಸಾಮಾನ್ಯವಾಗಿ ಏನೂ ಹಾಕಬಾರದು, ಒಣ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ತುಕ್ಕು ಬಿಡಿಸುವ ಸ್ಪ್ರೇ ಎಣ್ಣೆಯನ್ನು ಮಾತ್ರ ಯಂತ್ರದ ಹತ್ತಿರ ತರಬೇಡಿ. ಆ ಹೊತ್ತಿಗೆ ಜಾರುವುದು ಸಲೀಸಾಗುತ್ತದೆ, ಆದರೆ ತೇವ ಆರಿದ ಮೇಲೆ ಅದರ ಜಿಗುಟು ಧೂಳು ಹಿಡಿಯುತ್ತದೆ, ಹಾರಿದ ತುಂತುರು ಎನ್‌ಕೋಡರ್ ಸ್ಟ್ರಿಪ್ ಮೇಲೆ ಕೂರುತ್ತದೆ. ಒಂದು ದೋಷ ಹೋಗಿ ಎರಡಾಗುತ್ತದೆ.

ಬೆಲ್ಟ್ ಮತ್ತು ಪುಲ್ಲಿ

ಟಾರ್ಚ್ ಹಿಡಿದು ಎರಡೂ ಪುಲ್ಲಿಗಳ ಕೆಳಗೆ ಮೊದಲು ನೋಡಿ. ಅಲ್ಲಿ ಕಪ್ಪು ಪುಡಿ ರಾಶಿ ಬಿದ್ದಿದ್ದರೆ ಬೆಲ್ಟ್ ಸವೆಯುತ್ತಿದೆ. ಕ್ಯಾರೇಜನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಬೆಲ್ಟನ್ನು ಬೆರಳಿನಿಂದ ಮಡಚಿ ಹಲ್ಲಿನ ಬುಡ ಕಾಣುವಂತೆ ಮಾಡಿ ಪರೀಕ್ಷಿಸಿ. ಬಿರುಕು ಮೊದಲು ಬರುವುದು ಬುಡದಲ್ಲಿ. ಅಂಚಿನಲ್ಲಿ ನಾರು ಎದ್ದಿದ್ದರೆ ಪುಲ್ಲಿ ಓರೆಯಾಗಿದ್ದು ಬೆಲ್ಟ್ ಅಂಚಿಗೆ ಉಜ್ಜುತ್ತಿದೆ, ಹೊಸ ಬೆಲ್ಟ್ ಹಾಕಿದರೂ ಅದೇ ಗತಿ. ಹಾಗಾಗಿ ಮೊದಲು ಪುಲ್ಲಿಯನ್ನು ನೇರ ಮಾಡಿ. ಕೆಲವು ಬೆಲ್ಟ್‌ಗಳ ರಬ್ಬರ್ ವಯಸ್ಸಾದಂತೆ ಅಂಟಂಟಾಗಿ ಪುಲ್ಲಿಯ ಹಲ್ಲಿನ ಸಂದಿನಲ್ಲಿ ಮೆತ್ತಿಕೊಳ್ಳುತ್ತದೆ. ಬೆಲ್ಟ್ ಬದಲಿಸಿ ಪುಲ್ಲಿಯನ್ನು ಹಾಗೇ ಬಿಟ್ಟರೆ ಹೊಸ ಬೆಲ್ಟ್ ಸರಿಯಾಗಿ ಕೂರುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಪ್ರತಿ ಸಂದನ್ನೂ ತಿಕ್ಕಿ ತೆಗೆಯಿರಿ.

ಬಿಗಿತ ಕಡಿಮೆಯಾದರೆ ದಿಕ್ಕು ಬದಲಿಸುವಾಗ ಬೆಲ್ಟ್ ಹಲ್ಲು ಹಾರುತ್ತದೆ. ಹೆಚ್ಚಾದರೆ ಮೋಟರ್ ಮತ್ತು ಪುಲ್ಲಿಯ ಬೇರಿಂಗ್ ಮೇಲೆ ಸದಾ ಭಾರ ಬಿದ್ದು ಅವು ಬೇಗ ಸವೆಯುತ್ತವೆ. ಸಡಿಲ ಕಂಡೊಡನೆ ಬಿಗಿ ಮಾಡುತ್ತ ಹೋಗುವ ಅಭ್ಯಾಸ ಹಲವರಿಗಿದೆ. ಸರಿಯಾದ ಅಳತೆ ಮ್ಯಾನುಯಲ್‌ನಲ್ಲಿರುತ್ತದೆ, ಅದನ್ನೇ ಪಾಲಿಸಿ. ಸ್ಪ್ರಿಂಗ್‌ನಿಂದ ತಾನಾಗಿ ಬಿಗಿಯಾಗುವ ಮಾದರಿಯಲ್ಲಿ ಲಾಕ್ ಸ್ಕ್ರೂ ಸಡಿಲಿಸಿ, ಕ್ಯಾರೇಜನ್ನು ಕೆಲವು ಸಲ ಅತ್ತಿತ್ತ ಓಡಿಸಿ, ಸ್ಪ್ರಿಂಗ್ ತನ್ನ ಸ್ಥಾನ ಹುಡುಕಿಕೊಂಡ ಮೇಲೆ ಸ್ಕ್ರೂ ಬಿಗಿದರೆ ಸಾಕು. ಮೋಟರ್ ಇಲ್ಲದ ತುದಿಯ ಪುಲ್ಲಿಯನ್ನು ಬೆಲ್ಟ್ ಬಿಡಿಸಿ ಬೆರಳಿನಿಂದ ತಿರುಗಿಸಿ: ಸದ್ದಿಲ್ಲದೆ ತಿರುಗಬೇಕು, ಮೇಲೆ ಕೆಳಗೆ ಅಲುಗಾಡಬಾರದು. ಇದು ಬಹಳ ಸಲ ಯಾರ ಕಣ್ಣಿಗೂ ಬೀಳದೆ ಉಳಿಯುವ ಭಾಗ.

ಎನ್‌ಕೋಡರ್ ಸ್ಟ್ರಿಪ್ ಮತ್ತು ಸೆನ್ಸರ್

ಸ್ಟ್ರಿಪ್‌ನ ಹಿಂದೆ ಟಾರ್ಚ್ ಹಿಡಿದು ಮುಂದಿನಿಂದ ಭೂತಗನ್ನಡಿಯಲ್ಲಿ ನೋಡುತ್ತ ಇಡೀ ಉದ್ದ ಸಾಗಿ. ಚೆನ್ನಾಗಿರುವ ಕಡೆ ಬೂದು ಬಣ್ಣ ಒಂದೇ ಸಮನಾಗಿರುತ್ತದೆ. ಇಂಕಿನ ಮಂಜು ಕೂತ ಕಡೆ ಬಣ್ಣದ ಛಾಯೆ ಕಾಣುತ್ತದೆ, ಗ್ರೀಸ್ ಬಿದ್ದ ಕಡೆ ಬೆಳಕು ಹೊಳೆದು ಹರಡುತ್ತದೆ, ಗೀರು ಬಿದ್ದ ಕಡೆ ಅಡ್ಡಡ್ಡ ಬಿಳಿ ಗೆರೆ ಎದ್ದು ಕಾಣುತ್ತದೆ. ಹೋಮ್ ಹತ್ತಿರದ ತುದಿಯನ್ನು ಇನ್ನಷ್ಟು ಗಮನವಿಟ್ಟು ನೋಡಿ. ಹೆಡ್ ತೊಳೆಯುವ ಜಾಗ ಅದೇ ಆದ್ದರಿಂದ ಇಂಕ್ ಹೆಚ್ಚು ಸಿಡಿಯುವುದು ಅಲ್ಲಿಯೇ.

ಒರೆಸುವಾಗ ಅವಸರ ಬೇಡ. ನೂಲು ಬಿಡದ ಬಟ್ಟೆಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತುಸುವೇ ತೇವ ಮಾಡಿ, ಸ್ಟ್ರಿಪ್‌ನ ಎರಡೂ ಬದಿಯನ್ನು ಬೆರಳುಗಳ ನಡುವೆ ಹಗುರವಾಗಿ ಹಿಡಿದು, ಒಂದೇ ದಿಕ್ಕಿನಲ್ಲಿ ಎಳೆಯಿರಿ. ಹಿಂದಕ್ಕೂ ಮುಂದಕ್ಕೂ ತಿಕ್ಕಿದರೆ ಸ್ಟ್ರಿಪ್ ಕೊಕ್ಕೆಯಿಂದ ಕಳಚುತ್ತದೆ ಅಥವಾ ಮಡಚಿ ಗೆರೆ ಬೀಳುತ್ತದೆ, ಮಡಿಕೆ ಬಿದ್ದ ಸ್ಟ್ರಿಪ್ ಮತ್ತೆ ಸರಿಹೋಗುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಬಹುದೆಂದು ಮ್ಯಾನುಯಲ್ ಹೇಳಿದ್ದರೆ ಮಾತ್ರ ಬಳಸಿ. ಕೆಲವು ಸ್ಟ್ರಿಪ್‌ಗಳ ಗೆರೆಗಳು ಸಾಲ್ವೆಂಟ್ ತಾಗಿದರೆ ಅಳಿಸಿಹೋಗುತ್ತವೆ. ಆಮೇಲೆ ಒಣ ಬಟ್ಟೆಯಿಂದ ಇನ್ನೊಮ್ಮೆ.

ಸ್ಟ್ರಿಪ್ ಕೂತಿರುವ ರೀತಿಯೂ ಮುಖ್ಯ. ಅದು ಸೆನ್ಸರ್‌ನ ಸೀಳಿನ ನಡುವೆ, ಯಾವ ಗೋಡೆಗೂ ತಾಗದೆ ಹಾದುಹೋಗಬೇಕು. ಕ್ಯಾರೇಜನ್ನು ನಿಧಾನವಾಗಿ ಸರಿಸುತ್ತ ಹಿಂದಿನಿಂದ ಇಣುಕಿ ನೋಡಿ. ಒಂದು ತುದಿಯಲ್ಲಿ ನಡುವೆ ಇದ್ದು ಇನ್ನೊಂದು ತುದಿಯಲ್ಲಿ ಗೋಡೆಗೆ ಉಜ್ಜುತ್ತಿದ್ದರೆ ಆ ತುದಿಯ ಕೊಕ್ಕೆ ಬಾಗಿದೆ. ಒಂದು ತುದಿಯಲ್ಲಿ ಸ್ಟ್ರಿಪ್ಪನ್ನು ಬಿಗಿಯಾಗಿ ಎಳೆದಿಡುವ ಸ್ಪ್ರಿಂಗ್ ಕಳಚಿದ್ದರೆ ಸ್ಟ್ರಿಪ್ ಜೋತುಬಿದ್ದು ನಡುಭಾಗದಲ್ಲಿ ಗೆರೆಗಳು ಸೆನ್ಸರ್‌ನ ಕಣ್ಣಿಗೆ ಬೀಳದೆ ಹೋಗುತ್ತವೆ. ಒರೆಸಿದ ಸ್ಟ್ರಿಪ್ಪನ್ನು ಮತ್ತೆ ಹಾಕುವಾಗ ಅದೇ ಬದಿ ಮುಂದಿರಲಿ, ಅದೇ ತುದಿ ಎಡಕ್ಕಿರಲಿ. ಸೆನ್ಸರ್‌ನ ಸೀಳನ್ನು ಹತ್ತಿ ಉದುರದ ಸ್ವಾಬ್‌ನಿಂದ ಒರೆಸಿ.

ಹೆಚ್ಚಿನ ಯಂತ್ರಗಳ ಸರ್ವಿಸ್ ಮೋಡ್‌ನಲ್ಲಿ ಎನ್‌ಕೋಡರ್ ಎಣಿಕೆಯನ್ನು ಪರದೆಯ ಮೇಲೆ ತೋರಿಸುವ ಆಯ್ಕೆ ಇರುತ್ತದೆ. ಮೋಟರ್‌ಗೆ ಕರೆಂಟ್ ಹೋಗದ ಸ್ಥಿತಿಯಲ್ಲಿ ಅದನ್ನು ತೆರೆದು ಕ್ಯಾರೇಜನ್ನು ಕೈಯಿಂದ ಸರಿಸಿ. ಒಂದು ದಿಕ್ಕಿಗೆ ಏರಬೇಕು, ಇನ್ನೊಂದಕ್ಕೆ ಇಳಿಯಬೇಕು. ರೂಲರ್ ಇಟ್ಟು ಸರಿಯಾಗಿ 10 ಇಂಚು ಸರಿಸಿದರೆ 180 ಗೆರೆಯ ಸ್ಟ್ರಿಪ್‌ನಲ್ಲಿ 7,200ರ ಆಸುಪಾಸು ಎಣಿಕೆ ಬರಬೇಕು. ಬೋರ್ಡ್ ನಾಲ್ಕು ಪಟ್ಟು ಎಣಿಸದೆ ಗೆರೆಯನ್ನಷ್ಟೇ ತೋರಿಸುವಂತಿದ್ದರೆ 1,800. ಹೊರಟ ಜಾಗಕ್ಕೇ ವಾಪಸ್ ತಂದಾಗ ಎಣಿಕೆ ಮೊದಲಿನ ಅಂಕಿಗೆ ಮರಳದಿದ್ದರೆ ನಡುವೆ ಎಲ್ಲೋ ಗೆರೆ ತಪ್ಪಿದೆ. ಯಾವ ಜಾಗದಲ್ಲಿ ಎಂದು ಸಣ್ಣಸಣ್ಣ ತುಂಡುಗಳಾಗಿ ಸರಿಸಿ ಹುಡುಕಿ. ಎಲ್ಲೆಡೆಯೂ ತಪ್ಪುತ್ತಿದ್ದರೆ ಸೆನ್ಸರ್ ಅಥವಾ ಅದರ ಕೇಬಲ್.

ಮೋಟರ್ ಮತ್ತು ಓಡಾಡುವ ಕೇಬಲ್‌ಗಳು

ಎಳೆತ ಸಮನಾಗಿದೆ, ಬೆಲ್ಟ್ ಚೆನ್ನಾಗಿದೆ, ಎಣಿಕೆಯೂ ಸರಿ. ಆಗ ಮಾತ್ರ ಮೋಟರ್ ಕಡೆ ತಿರುಗಿ. ಬ್ರಷ್ ಇರುವ ಡಿಸಿ ಮೋಟರ್‌ನಲ್ಲಿ ಇಂಗಾಲದ ಬ್ರಷ್ ಸವೆದು ಅದರ ಪುಡಿ ಒಳಗೆ ಹರಡಿಕೊಳ್ಳುತ್ತದೆ. ಕೈಯಿಂದ ತುಸು ತಳ್ಳಿದರೆ ಹೊರಡುತ್ತದೆ, ಒಂದು ನಿರ್ದಿಷ್ಟ ಕೋನದಲ್ಲಿ ನಿಂತರೆ ಹೊರಡುವುದಿಲ್ಲ ಎಂಬುದು ಇದರ ಲಕ್ಷಣ. ಕನೆಕ್ಟರ್ ಕಿತ್ತು ಎರಡು ವೈರ್‌ಗಳ ನಡುವೆ ರೆಸಿಸ್ಟೆನ್ಸ್ ಅಳೆಯುತ್ತ ಶಾಫ್ಟನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಸಾಮಾನ್ಯವಾಗಿ ಕೆಲವೇ ಓಮ್ ಇರುತ್ತದೆ, ಸ್ವಲ್ಪ ಏರಿಳಿತವೂ ಸಹಜ. ಆದರೆ ಒಂದು ಜಾಗದಲ್ಲಿ ಸಂಪರ್ಕವೇ ಕಡಿದಂತೆ ತೋರಿಸಿದರೆ ಮೋಟರ್‌ನ ಕಾಲ ಮುಗಿದಿದೆ. ಮೂರು ವೈರ್‌ಗಳ ಬ್ರಷ್‌ರಹಿತ ಮೋಟರ್ ಆಗಿದ್ದರೆ ಯಾವ ಎರಡನ್ನು ಅಳೆದರೂ ಒಂದೇ ಅಳತೆ ಬರಬೇಕು.

ಕೇಬಲ್ ವಿಷಯ ಮೋಸದ್ದು. ಕ್ಯಾರೇಜ್ ಜೊತೆ ಹಗಲಿರುಳು ಮಡಚಿ ಬಿಚ್ಚುವ ಚಪ್ಪಟೆ ಕೇಬಲ್‌ನ ಒಳಗಿನ ತಾಮ್ರ ಹೊರಗೆ ಕಾಣದಂತೆ ಬಿರಿಯುತ್ತದೆ, ಮಡಿಕೆ ಒಂದು ಕೋನಕ್ಕೆ ಬಂದಾಗ ಮಾತ್ರ ಸಂಪರ್ಕ ತಪ್ಪುತ್ತದೆ. ಆಗ ದೋಷ ಒಂದೇ ಜಾಗದಲ್ಲಿ ಬರುವುದರಿಂದ ಸ್ಟ್ರಿಪ್ ಮೇಲೆ ತಪ್ಪು ಹೊರಿಸುತ್ತೇವೆ. ಸ್ಟ್ರಿಪ್ಪನ್ನು ಚೆನ್ನಾಗಿ ಒರೆಸಿದ ಮೇಲೂ ಅದೇ ಜಾಗದಲ್ಲಿ ನಿಂತರೆ ಕೇಬಲ್ ಎಂದು ಅನುಮಾನಿಸಿ. ಕೇಬಲ್ ಚೈನಿನ ಕೊಂಡಿ ಮುರಿದಿದೆಯೇ, ಟ್ಯೂಬ್‌ಗಳು ಹೊರಗೆ ಜಾರಿ ಕವರ್‌ಗೆ ಸಿಕ್ಕಿಕೊಳ್ಳುತ್ತಿವೆಯೇ ಎಂದೂ ನೋಡಿ.

ಮೀಡಿಯಾ ಅಡ್ಡ ಬರುವುದು

ಕೆಲವೊಮ್ಮೆ ಯಂತ್ರದಲ್ಲಿ ಯಾವ ದೋಷವೂ ಇರುವುದಿಲ್ಲ, ವಿನೈಲ್‌ನ ಅಂಚು ಎದ್ದು ಕ್ಯಾರೇಜ್‌ಗೆ ಅಡ್ಡ ಬಂದಿರುತ್ತದೆ. ಮೀಡಿಯಾ, ಅಂದರೆ ಮುದ್ರಿಸುವ ಕಾಗದ ಅಥವಾ ವಿನೈಲ್, ಇಲ್ಲದೆ ಓಡಿಸಿದಾಗ ಎರರ್ ಬಾರದಿದ್ದರೆ ಉತ್ತರ ಸಿಕ್ಕಿತು. ಅಂಚು ಹಿಡಿಯುವ ಕ್ಲಾಂಪ್ ಹಾಕಿ, ಹೀಟರ್ ಬಿಸಿ ಇಳಿಸಿ, ವ್ಯಾಕ್ಯೂಮ್ ಫ್ಯಾನಿನ ರಂಧ್ರಗಳು ಧೂಳಿನಿಂದ ಮುಚ್ಚಿವೆಯೇ ನೋಡಿ, ಹೆಡ್‌ನ ಎತ್ತರ ಆ ಮೀಡಿಯಾದ ದಪ್ಪಕ್ಕೆ ತಕ್ಕಂತಿದೆಯೇ ಪರೀಕ್ಷಿಸಿ.

ದೋಷ ಕಾಗದ ಸಾಗುವುದರಲ್ಲಿದ್ದರೆ

ಫೀಡ್ ದೋಷ ಎರರ್ ಆಗಿ ಬರುವುದು ಅಪರೂಪ. ಹೆಚ್ಚಾಗಿ ಅದು ಚಿತ್ರದ ಮೇಲೆ ಪಟ್ಟೆಗಳಾಗಿ ಕಾಣಿಸಿಕೊಳ್ಳುತ್ತದೆ, ನಾವು ಹೆಡ್ ಮೇಲೆ ಸಿಟ್ಟಾಗಿ ಕ್ಲೀನಿಂಗ್ ಮೇಲೆ ಕ್ಲೀನಿಂಗ್ ಮಾಡಿ ಇಂಕ್ ಸುರಿಯುತ್ತೇವೆ. ಹೆಡ್‌ನ ರಂಧ್ರಗಳೆಲ್ಲ ಇಂಕ್ ಬಿಡುತ್ತಿವೆಯೇ ಎಂದು ನೋಡುವ ನಾಝಲ್ ಟೆಸ್ಟ್ ಚೆನ್ನಾಗಿ ಬಂದು ಪಟ್ಟೆ ಹೋಗದಿದ್ದರೆ ರೂಲರ್ ತೆಗೆದುಕೊಳ್ಳಿ. ಪಟ್ಟೆಯಿಂದ ಪಟ್ಟೆಗೆ ಇರುವ ಅಂತರವೇ ಅಪರಾಧಿ ಯಾರೆಂದು ಹೇಳುತ್ತದೆ.

ಹೆಡ್‌ನ ಮುದ್ರಣ ಎತ್ತರ 1 ಇಂಚು, ಅಂದರೆ 25.4 ಮಿ.ಮೀ., ಮತ್ತು ಮುದ್ರಣ 4 ಪಾಸ್, ಅಂದರೆ ಒಂದೊಂದು ಜಾಗದ ಮೇಲೂ ಹೆಡ್ ನಾಲ್ಕು ಸಲ ಹಾಯುತ್ತದೆ ಎಂದುಕೊಳ್ಳಿ. ಪ್ರತಿ ಪಾಸಿಗೆ ಕಾಗದ 6.35 ಮಿ.ಮೀ. ಸಾಗುತ್ತದೆ. ಪಟ್ಟೆಗಳ ಅಂತರವೂ ಅಷ್ಟೇ ಇದ್ದರೆ ಫೀಡ್ ಅಳತೆ ಹೊಂದಿಸಿದರೆ ಸಾಕು. ಪಟ್ಟೆ ಬಿಳಿಯಾಗಿದ್ದರೆ ಕಾಗದ ಹೆಚ್ಚು ಸಾಗುತ್ತಿದೆ, ಗಾಢವಾಗಿದ್ದರೆ ಕಡಿಮೆ. ಅಂತರ ಇದಕ್ಕಿಂತ ಬಹಳ ದೊಡ್ಡದಾಗಿದ್ದರೆ ರೋಲರ್‌ನ ಸುತ್ತಳತೆ ಲೆಕ್ಕ ಹಾಕಿ. ಕಾಗದ ಸಾಗಿಸುವ ಒರಟು ಮೈಯ ಗ್ರಿಟ್ ರೋಲರ್ 30 ಮಿ.ಮೀ. ವ್ಯಾಸದ್ದಾಗಿದ್ದರೆ ಅದರ ಸುತ್ತಳತೆ ಸುಮಾರು 94 ಮಿ.ಮೀ. ಪಟ್ಟೆ ಪ್ರತಿ 94 ಮಿ.ಮೀ.ಗೆ ಮರಳಿ ಬಂದರೆ ಆ ರೋಲರ್‌ನ ಮೇಲೆ ಎಲ್ಲೋ ಅಂಟು ಕೂತಿದೆ, ಅಥವಾ ರೋಲರ್ ಬಾಗಿದೆ. ಗಟ್ಟಿ ನೈಲಾನ್ ಬ್ರಷ್‌ನಿಂದ ಅದನ್ನು ಉದ್ದಕ್ಕೂ ತಿಕ್ಕಿ. ಲೋಹದ ಬ್ರಷ್ ಅದರ ಹಿಡಿತವನ್ನೇ ಸವೆಸುತ್ತದೆ. ಕಾಗದವನ್ನು ಅದರ ಮೇಲೆ ಒತ್ತಿ ಹಿಡಿಯುವ ಪಿಂಚ್ ರೋಲರ್‌ಗಳನ್ನು ಒಂದೊಂದಾಗಿ ಬೆರಳಿನಿಂದ ತಿರುಗಿಸಿ ನೋಡಿ. ವಾರಗಟ್ಟಲೆ ಒತ್ತಿದ ಸ್ಥಿತಿಯಲ್ಲೇ ಬಿಟ್ಟ ಪಿಂಚ್ ರೋಲರ್‌ನ ರಬ್ಬರ್ ಒಂದು ಬದಿ ಚಪ್ಪಟೆಯಾಗಿರುತ್ತದೆ. ಕೆಲಸವಿಲ್ಲದಾಗ ಲಿವರ್ ಎತ್ತಿಡಿ ಎಂದು ಹೇಳುವುದು ಇದಕ್ಕೇ.

ಇದೇ ಲೆಕ್ಕ ಕ್ಯಾರೇಜ್ ದಿಕ್ಕಿಗೂ ಒಪ್ಪುತ್ತದೆ. ಉದ್ದ ಗೆರೆಗಳು ನಡುಗಿದಂತೆ ಕಂಡು, ನಡುಕದ ಅಂತರ ಬೆಲ್ಟಿನ ಹಲ್ಲಿನ ಅಂತರಕ್ಕೆ ಸಮನಾಗಿದ್ದರೆ ಬೆಲ್ಟ್ ಪುಲ್ಲಿಯಲ್ಲಿ ಸರಿಯಾಗಿ ಕೂರುತ್ತಿಲ್ಲ. ಎಂಎಕ್ಸ್‌ಎಲ್ ಎಂಬ ಸಣ್ಣ ಹಲ್ಲಿನ ಬೆಲ್ಟಿನಲ್ಲಿ ಆ ಅಂತರ 2.032 ಮಿ.ಮೀ. ಅದೇ ಬೆಲ್ಟ್ 20 ಹಲ್ಲಿನ ಪುಲ್ಲಿಯ ಮೇಲಿದ್ದು, ಏರಿಳಿತ 40.6 ಮಿ.ಮೀ.ಗೊಮ್ಮೆ ಬಂದರೆ ಪುಲ್ಲಿಯೇ ಸುತ್ತು ತಪ್ಪಿದೆ ಅಥವಾ ಮೋಟರ್‌ನ ಶಾಫ್ಟ್ ಬಾಗಿದೆ.

ಮತ್ತೆ ಚಾಲೂ ಮಾಡುವಾಗ

ಬಿಚ್ಚಿದ್ದನ್ನು ಜೋಡಿಸಿದ ಮೇಲೆ ಮೊದಲು ಕೈಯಿಂದಲೇ ತುದಿಯಿಂದ ತುದಿಗೆ ಒಮ್ಮೆ ಸರಿಸಿ, ಒಳಗೆ ಸ್ಕ್ರೂಡ್ರೈವರ್ ಅಥವಾ ಬಟ್ಟೆ ಉಳಿದಿಲ್ಲ ಎಂದು ನೋಡಿಕೊಳ್ಳಿ. ಹೋಮ್‌ಗೆ ತುಸು ದೂರದಲ್ಲಿ ಕ್ಯಾರೇಜ್ ಇಟ್ಟು ಚಾಲೂ ಮಾಡಿದರೆ, ಎಣಿಕೆ ಇನ್ನೂ ತಪ್ಪುತ್ತಿದ್ದ ಪಕ್ಷದಲ್ಲಿ ಡಿಕ್ಕಿಗೆ ಮುಂಚೆ ಸ್ವಿಚ್ ಆರಿಸಲು ಒಂದು ಕ್ಷಣ ಸಿಗುತ್ತದೆ. ಸರ್ವಿಸ್ ಮೋಡ್‌ನಲ್ಲಿ ಮುದ್ರಣವಿಲ್ಲದೆ ಕ್ಯಾರೇಜ್ ಓಡಿಸುವ ಪರೀಕ್ಷೆ ಇದ್ದರೆ ನಿಧಾನ ವೇಗದಿಂದ ಶುರುಮಾಡಿ ಏರಿಸುತ್ತ ಹೋಗಿ, ನಡುವೆ ನಿಲ್ಲಿಸಿ ಹೆಡ್ ಅನ್ನು ಕ್ಯಾಪಿಗೆ ತನ್ನಿ. ಮೋಟರ್ ಕವಚದ ಮೇಲೆ ಕೈಯಿಟ್ಟು ನೋಡಿ; ಸ್ವಲ್ಪ ಹೊತ್ತಿಗೇ ಕೈ ಇಡಲಾಗದಷ್ಟು ಬಿಸಿಯಾದರೆ ಎಳೆತ ಇನ್ನೂ ಎಲ್ಲೋ ಉಳಿದಿದೆ.

ಬೋರ್ಡ್‌ನ ಮೋಟರ್ ಡ್ರೈವರ್ ಸುಟ್ಟ ವಾಸನೆ ಬಂದರೆ, ಲೀನಿಯರ್ ಗೈಡನ್ನೇ ಬದಲಿಸಬೇಕಾಗಿ ಬಂದರೆ, ಡಿಕ್ಕಿಯಿಂದ ಹೆಡ್ ಪ್ಲೇಟ್ ಬಾಗಿದ್ದರೆ ನುರಿತ ತಂತ್ರಜ್ಞರನ್ನು ಕರೆಯಿರಿ. ಗೈಡ್ ಕೂರಿಸುವಾಗ ಕೂದಲೆಳೆಯಷ್ಟು ಓರೆಯಾದರೂ ಅದು ಪ್ರತಿ ಪ್ರಿಂಟ್‌ನಲ್ಲೂ ಕಾಣುತ್ತದೆ, ಅದನ್ನು ಅಳೆದು ಸರಿಪಡಿಸುವ ಉಪಕರಣಗಳು ಸಾಮಾನ್ಯವಾಗಿ ನಮ್ಮ ಬಳಿ ಇರುವುದಿಲ್ಲ. ಅವರಿಗೆ ಫೋನ್ ಮಾಡುವಾಗ ನಿಮ್ಮ ಟಿಪ್ಪಣಿ ಓದಿ ಹೇಳಿ: ನಿಂತ ಜಾಗ, ತಕ್ಕಡಿಯ ಅಳತೆ, ಎಣಿಕೆ ಮರಳಿತೋ ಇಲ್ಲವೋ. ಯಾವ ಬಿಡಿಭಾಗ ಕೈಯಲ್ಲಿ ಹಿಡಿದು ಬರಬೇಕೆಂದು ಅವರಿಗೆ ಅಷ್ಟರಿಂದಲೇ ತಿಳಿಯುತ್ತದೆ.

ಬೆಲ್ಟ್, ಸ್ಟ್ರಿಪ್ ಅಥವಾ ಕ್ಯಾರೇಜ್ ಬೇರಿಂಗ್ ಮುಟ್ಟಿದ ಮೇಲೆ ಹೋಗುವಾಗ ಬರುವಾಗ ಬೀಳುವ ಚುಕ್ಕೆಗಳ ಹೊಂದಾಣಿಕೆಯನ್ನು, ಅಂದರೆ ಬೈ-ಡೈರೆಕ್ಷನ್ ಅಡ್ಜಸ್ಟ್‌ಮೆಂಟನ್ನು ಹೊಸದಾಗಿ ಮಾಡಲೇಬೇಕು. ಫೀಡ್ ರೋಲರ್ ಮುಟ್ಟಿದ್ದರೆ ಫೀಡ್ ಅಳತೆಯನ್ನೂ. ಹೊಸ ಬೆಲ್ಟ್ ಕೆಲವು ದಿನ ಓಡಿದ ಮೇಲೆ ಅದರ ಬಿಗಿತವನ್ನು ಇನ್ನೊಮ್ಮೆ ನೋಡಿ, ಬದಲಾಗಿದ್ದರೆ ಬಿಗಿತ ಸರಿಮಾಡಿ ಹೊಂದಾಣಿಕೆಯನ್ನು ಮತ್ತೊಮ್ಮೆ ಮಾಡಿ.